38 ತಿಂಗಳೋ, 14 ತಿಂಗಳೋ: ಡಿಪೋ ಗೇಟಿಗೆ ತಲುಪಬೇಕಾದ ಲೆಕ್ಕ

ಸಾರಿಗೆ ನೌಕರರ ಸಂಬಳದ ಮಾತುಕತೆ ನಡೆಯೋದು ಬೆಂಗಳೂರಿನಲ್ಲಿ. ವಿಧಾನಸೌಧದ ಸಭೆ, ಶಾಂತಿನಗರದ ಕೇಂದ್ರ ಕಚೇರಿ, ಕೊನೆಗೆ ಹೈಕೋರ್ಟ್. ಅದರ ಫಲಕ್ಕೆ ಕಾಯುವವರು ಮಾತ್ರ ಗದಗ, ಲಕ್ಷ್ಮೇಶ್ವರ, ಮುಂಡರಗಿಯಂಥ ಡಿಪೋಗಳಲ್ಲಿ ಬೆಳಗಿನ ಜಾವ ಗಾಡಿ ಹತ್ತುವ ಚಾಲಕರು, ನಿರ್ವಾಹಕರು, ರಾತ್ರಿ ಪಾಳಿಯ ಮೆಕ್ಯಾನಿಕ್‌ಗಳು. ಅವರ ಪ್ರಶ್ನೆ ಸಣ್ಣದು: ‘ನಮಗ ಎಷ್ಟ ಬರತೈತ್ರಿ, ಯಾವಾಗ ಬರತೈತಿ?’ ಇದಕ್ಕೆ ನೆಟ್ಟಗೆ ಉತ್ತರ ಹೇಳಬೇಕಾದ್ದು ಅವರ ಸಂಘದ ಸ್ಥಳೀಯ ಶಾಖೆ. ಆ ಉತ್ತರ ಯಾಕೆ ಅಷ್ಟು ಸುಲಭ ಅಲ್ಲ ಅನ್ನೋದನ್ನು ಸ್ವಲ್ಪ ಬಿಡಿಸಿ ನೋಡೋಣ.

ಮೊದಲು ಊರಿನ ಮಾತು. ಗದಗ ಜಿಲ್ಲೆ ವಾಯವ್ಯ ಕರ್ನಾಟಕ ರಸ್ತೆ ಸಾರಿಗೆ ಸಂಸ್ಥೆಯ ವ್ಯಾಪ್ತಿಗೆ ಬರುತ್ತದೆ. 1997ರಲ್ಲಿ ಕೆಎಸ್‌ಆರ್‌ಟಿಸಿಯಿಂದ ಬೇರ್ಪಟ್ಟ ಈ ಸಂಸ್ಥೆಯ ಕೇಂದ್ರ ಕಚೇರಿ ಹುಬ್ಬಳ್ಳಿಯಲ್ಲಿದೆ. ಗದಗಿಗೆ ರೈಲಿದೆ, ಜಂಕ್ಷನ್ ಕೂಡ ಹೌದು. ಆದರೆ ಲಕ್ಷ್ಮೇಶ್ವರಕ್ಕಿಲ್ಲ, ಶಿರಹಟ್ಟಿಗಿಲ್ಲ, ಮುಂಡರಗಿಗಿಲ್ಲ. ಗದಗದಿಂದ ಯಲವಿಗಿಗೆ ರೈಲು ಹಾಕಿ ಅಂತ ಕೇಳುತ್ತಾ ಒಂದು ತಲೆಮಾರೇ ಕಳೆದಿದೆ. ಹೀಗಾಗಿ ಇಲ್ಲಿ ಕೆಂಪು ಬಸ್ಸು ನಿಂತರೆ ಕಾಲೇಜು, ಜಿಲ್ಲಾಸ್ಪತ್ರೆ, ಕೋರ್ಟು, ಸಂತೆ ಎಲ್ಲವೂ ನಿಂತ ಹಾಗೆ. ಬೆಂಗಳೂರಿನವರಿಗೆ ಮೆಟ್ರೊ ಇದೆ. ಕಪ್ಪತಗುಡ್ಡದ ಸುತ್ತಲಿನ ಹಳ್ಳಿಯವರಿಗೆ ಟಂಟಂ ಬಿಟ್ಟರೆ ಗತಿಯಿಲ್ಲ. ಮುಷ್ಕರದ ಮಾತು ಬಂದಾಗ ಇಲ್ಲಿಯ ಶಾಖೆಯ ಹೆಗಲ ಮೇಲಿನ ಭಾರ ಹೆಚ್ಚು ಅಂತ ನಾನು ಹೇಳೋದು ಅದಕ್ಕೆ. ನಿಲ್ಲಿಸಿದರೆ ಊರಿನ ಸಿಟ್ಟು, ಓಡಿಸಿದರೆ ಪಕ್ಕದ ನೌಕರನ ಸಿಟ್ಟು.

ಈಗ ಲೆಕ್ಕಕ್ಕೆ ಬರೋಣ. ರಾಜ್ಯದ ನಾಲ್ಕೂ ಸಾರಿಗೆ ನಿಗಮಗಳಲ್ಲಿ ನಾಲ್ಕು ವರ್ಷಕ್ಕೊಮ್ಮೆ ವೇತನ ಪರಿಷ್ಕರಣೆ ಆಗಬೇಕು. 1 ಜನವರಿ 2016ಕ್ಕೆ ಒಂದು, 1 ಜನವರಿ 2020ಕ್ಕೆ ಇನ್ನೊಂದು, 1 ಜನವರಿ 2024ಕ್ಕೆ ಮತ್ತೊಂದು. 2016ರದ್ದು ಸುಮ್ಮನೆ ಬರಲಿಲ್ಲ. ಆ ವರ್ಷದ ಜುಲೈ ಕೊನೆಯ ವಾರ ರಾಜ್ಯದಾದ್ಯಂತ ಬಸ್ ನಿಂತ ಮೇಲೆ ಶೇ 12.5ಕ್ಕೆ ಇತ್ಯರ್ಥವಾಯಿತು. 2020ರದ್ದು ಇನ್ನೂ ತಡವಾಯಿತು. ಕೋವಿಡ್ ಬಂತು, ಎರಡು ಮುಷ್ಕರಗಳಾದವು, ಕೊನೆಗೆ 2023ರ ಮಾರ್ಚ್‌ನಲ್ಲಿ ಚುನಾವಣೆ ಹೊಸ್ತಿಲಲ್ಲಿದ್ದಾಗ ಸರ್ಕಾರ ಮೂಲವೇತನಕ್ಕೆ ಶೇ 15 ಹೆಚ್ಚಳ ಕೊಟ್ಟು ಆದೇಶ ಹೊರಡಿಸಿತು. ಆದರೆ ಜಾರಿಯಾದ ದಿನಾಂಕ 1 ಮಾರ್ಚ್ 2023. ಅಂದರೆ 2020ರ ಜನವರಿಯಿಂದ 2023ರ ಫೆಬ್ರುವರಿವರೆಗಿನ 38 ತಿಂಗಳು ಗಾಳಿಯಲ್ಲಿ ಉಳಿದವು.

ಈ 38 ತಿಂಗಳ ಹಿಂಬಾಕಿ 1,785 ಕೋಟಿ ರೂಪಾಯಿ ಅಂತ ಸಂಘಗಳ ಜಂಟಿ ಕ್ರಿಯಾ ಸಮಿತಿ ಹೇಳುತ್ತಾ ಬಂದಿದೆ. ಸರ್ಕಾರ 2025ರಲ್ಲಿ ಮುಂದಿಟ್ಟ ಲೆಕ್ಕ ಬೇರೆ. ನಿವೃತ್ತ ಐಎಎಸ್ ಅಧಿಕಾರಿ ಶ್ರೀನಿವಾಸಮೂರ್ತಿ ಅವರ ಏಕಸದಸ್ಯ ಸಮಿತಿಯ ಶಿಫಾರಸಿನ ಪ್ರಕಾರ ಪರಿಷ್ಕರಣೆಯನ್ನು 1 ಜನವರಿ 2022ರಿಂದ ಲೆಕ್ಕ ಹಾಕಬೇಕು, ಹಾಗಾಗಿ ಬಾಕಿ 14 ತಿಂಗಳದ್ದು, 718 ಕೋಟಿ.

ಕೋಟಿಗಳ ಲೆಕ್ಕ ಪತ್ರಿಕೆಗೆ ಚೆಂದ, ಮನೆ ಖರ್ಚಿಗೆ ಬರೋದಿಲ್ಲ. ಒಬ್ಬ ನಿರ್ವಾಹಕನ ಮೂಲವೇತನ ಆಗ 20,000 ಇತ್ತು ಅಂತ ಉದಾಹರಣೆಗೆ ಇಟ್ಟುಕೊಳ್ಳಿ. ಶೇ 15 ಅಂದರೆ ತಿಂಗಳಿಗೆ 3,000. ಅದನ್ನು 38ರಿಂದ ಗುಣಿಸಿದರೆ 1,14,000. ಹದಿನಾಲ್ಕರಿಂದ ಗುಣಿಸಿದರೆ 42,000. ತುಟ್ಟಿಭತ್ಯೆ ಸೇರಿಸದೆಯೇ ವ್ಯತ್ಯಾಸ 72,000 ರೂಪಾಯಿ. ಮಗಳ ಎರಡು ವರ್ಷದ ಡಿಪ್ಲೊಮಾ ಶುಲ್ಕಕ್ಕೋ, ಸೊಸೈಟಿಯ ಸಾಲ ತೀರಿಸೋದಕ್ಕೋ ಆಗುವ ದುಡ್ಡು.

ಇಲ್ಲಿ ಒಂದು ವಿಚಿತ್ರ ಇದೆ, ಎಂಜಿನಿಯರಿಂಗ್ ಓದಿದ ಚಟಕ್ಕೆ ಭಾಗಾಕಾರ ಮಾಡಿದಾಗ ಕಂಡದ್ದು. 1,785 ಕೋಟಿಯನ್ನು 38ರಿಂದ ಭಾಗಿಸಿದರೆ ತಿಂಗಳಿಗೆ ಸುಮಾರು 47 ಕೋಟಿ. 718ನ್ನು 14ರಿಂದ ಭಾಗಿಸಿದರೆ ಸುಮಾರು 51 ಕೋಟಿ. ಎರಡೂ ಒಂದೇ ಶೇ 15ರ ಮೇಲಿನ ಲೆಕ್ಕ, ಆದರೂ ತಿಂಗಳ ಸರಾಸರಿ ಬೇರೆ. ತುಟ್ಟಿಭತ್ಯೆ ವರ್ಷದಿಂದ ವರ್ಷಕ್ಕೆ ಏರುವುದರಿಂದ ಕೊನೆಯ ತಿಂಗಳುಗಳ ಬಾಕಿ ಮೊದಲಿನ ತಿಂಗಳುಗಳಿಗಿಂತ ಭಾರ ಇರೋದು ಸಹಜ. ಅಂದರೆ ಬಿಟ್ಟುಹೋಗುವ 24 ತಿಂಗಳು ತುಸು ಅಗ್ಗದ ತಿಂಗಳುಗಳು. ಶಾಖೆಯ ಕಾರ್ಯದರ್ಶಿ ಇಂಥದ್ದೊಂದು ಕೋಷ್ಟಕವನ್ನು, ಬೇರೆ ಬೇರೆ ಮೂಲವೇತನಕ್ಕೆ ಎಷ್ಟೆಷ್ಟು ಅಂತ ಬರೆದು ನೋಟಿಸ್ ಬೋರ್ಡಿಗೆ ಹಚ್ಚಿದರೆ ಅರ್ಧ ಗಂಟೆ ಭಾಷಣ ಉಳಿಯುತ್ತೆ.

ಸರ್ಕಾರದ ವಾದವನ್ನೂ ಸದಸ್ಯರಿಗೆ ಹೇಳಬೇಕು. 2020 ಮತ್ತು 2021ರಲ್ಲಿ ಲಾಕ್‌ಡೌನ್‌ನಿಂದ ತಿಂಗಳುಗಟ್ಟಲೆ ಬಸ್ ಓಡಲಿಲ್ಲ, ನಿಗಮಗಳಿಗೆ ಆದಾಯವೇ ಇರಲಿಲ್ಲ, ಆ ಕಾಲದ ಹೆಚ್ಚಳವನ್ನು ಈಗ ಕೊಡಿ ಅಂದರೆ ಹೇಗೆ ಅನ್ನೋದು ಅದರ ಸಾರ. ಇದಕ್ಕೆ ನೌಕರರ ಉತ್ತರವೂ ಇದೆ: ಬಸ್ ನಿಂತರೂ ಅಕ್ಕಿಯ ಬೆಲೆ ನಿಲ್ಲಲಿಲ್ಲ, ಓಡಿದಾಗ ವೈರಸ್ ನಡುವೆ ಓಡಿಸಿದವರು ನಾವೇ. ಯಾರ ಮಾತು ಸರಿ ಅನ್ನೋದನ್ನು ಓದುಗರು ತೀರ್ಮಾನಿಸಲಿ. ನನ್ನ ಪ್ರಕಾರ ನಾಲ್ಕು ವರ್ಷಕ್ಕೊಮ್ಮೆ ಅಂತ ಇದ್ದ ಮೇಲೆ ದಿನಾಂಕವನ್ನು ಹಿಂದೆ ಮುಂದೆ ಸರಿಸುವ ಹಕ್ಕು ಒಬ್ಬರಿಗೇ ಇರಬಾರದು.

ಯಾಕೆಂದರೆ ತಡ ಮಾಡೋದೇ ಇಲ್ಲಿ ಚೌಕಾಸಿಯ ಮುಖ್ಯ ಸಾಧನ ಆಗಿಬಿಟ್ಟಿದೆ. 2024ರ ಪರಿಷ್ಕರಣೆಗೆ ಸಂಘಗಳು ಕೇಳಿದ್ದು ಶೇ 25. ನಮ್ಮ ಅದೇ ನಿರ್ವಾಹಕನ ಮೂಲವೇತನ 23,000ಕ್ಕೆ ಬಂದಿದ್ದರೆ ಶೇ 25 ಅಂದರೆ ತಿಂಗಳಿಗೆ 5,750. 2025ರ ಜುಲೈ ಕೊನೆಗೆ 19 ತಿಂಗಳು ಕಳೆದಿತ್ತು, ಅಷ್ಟಕ್ಕೇ 1,09,250 ರೂಪಾಯಿ. ಶೇ 15 ಅಂತ ಹಿಡಿದರೂ 65,550. ಹಳೆಯ ಹಿಂಬಾಕಿಯ ಬಗ್ಗೆ ಬಡಿದಾಡುತ್ತಿರುವಾಗಲೇ ಹೊಸ ಹಿಂಬಾಕಿ ಬೆಳೆಯುತ್ತಾ ಇರುತ್ತದೆ. ಮುಂದೆ ಎರಡನ್ನೂ ಒಂದೇ ಮೇಜಿಗೆ ತಂದು, ಇದು ಕೊಡ್ತೀವಿ ಅದು ಬಿಡಿ ಅಂತ ಹೇಳೋದು ಸುಲಭ. ಹೀಗಾಗಿ ಶಾಖೆ ಸದಸ್ಯರಿಗೆ ಹೇಳುವಾಗ ಎರಡು ಕಡತಗಳನ್ನು ಬೆರೆಸಬಾರದು. ಒಂದು 2020–23ರ ಬಾಕಿ, ಇನ್ನೊಂದು 2024ರ ಪರಿಷ್ಕರಣೆ. ಒಂದರಲ್ಲಿ ದಿನಾಂಕದ ಜಗಳ, ಇನ್ನೊಂದರಲ್ಲಿ ಶೇಕಡಾವಾರಿನ ಜಗಳ. ಇದರ ನಡುವೆ 2025ರ ಜನವರಿ 5ರಿಂದ ಟಿಕೆಟ್ ದರ ಶೇ 15 ಏರಿತು. ಅದೇ ಹದಿನೈದು! ಟಿಕೆಟ್ ದರ ಏರಿದ್ದಕ್ಕೆ ನಿಮ್ಮ ಸಂಬಳ ಏರಿತು ಅಂತ ನಿರ್ವಾಹಕನನ್ನು ಕಿಚಾಯಿಸಿದ ಪ್ರಯಾಣಿಕರಿಗೂ ಈ ಲೆಕ್ಕ ಗೊತ್ತಿರಲಿಕ್ಕಿಲ್ಲ.

ಬೇಡಿಕೆ, ಭರವಸೆ, ಆದೇಶ, ಒಪ್ಪಂದ

ಗೇಟ್ ಮೀಟಿಂಗಿನಲ್ಲಿ, ಕರಪತ್ರದಲ್ಲಿ, ವಾಟ್ಸ್‌ಆ್ಯಪ್ ಗುಂಪಿನಲ್ಲಿ ಅತಿ ಹೆಚ್ಚು ಗೊಂದಲ ಮಾಡುವ ಪದ ‘ಒಪ್ಪಿದ್ದಾರೆ’. ಮುಖ್ಯಮಂತ್ರಿ ಒಪ್ಪಿದ್ದಾರೆ, ಸಚಿವರು ಒಪ್ಪಿದ್ದಾರೆ, ಎಂಡಿ ಒಪ್ಪಿದ್ದಾರೆ. ಕಾನೂನಿನ ಕಣ್ಣಲ್ಲಿ ಬಾಯಿಮಾತಿನಲ್ಲಿ ಒಪ್ಪೋದಕ್ಕೂ ಸಹಿ ಹಾಕೋದಕ್ಕೂ ಗದಗಕ್ಕೂ ಗೋವಾಕ್ಕೂ ಇರುವಷ್ಟು ದೂರ.

2020ರ ಡಿಸೆಂಬರ್ ನೆನಪಿಸಿಕೊಳ್ಳಿ. ನೌಕರರ ಕೂಟದ ನೇತೃತ್ವದಲ್ಲಿ, ರೈತ ಮುಖಂಡ ಕೋಡಿಹಳ್ಳಿ ಚಂದ್ರಶೇಖರ್ ಮುಂದಾಳತ್ವದಲ್ಲಿ ದಿಢೀರನೆ ಬಸ್ ನಿಂತವು. ಹತ್ತು ಬೇಡಿಕೆಗಳಲ್ಲಿ ಒಂಬತ್ತಕ್ಕೆ ಸರ್ಕಾರ ಒಪ್ಪಿದೆ ಅಂತ ಘೋಷಣೆಯಾಗಿ ಡಿಸೆಂಬರ್ 14ಕ್ಕೆ ಮುಷ್ಕರ ಮುಗಿಯಿತು. ಒಪ್ಪದೇ ಉಳಿದದ್ದು ಒಂದೇ, ಸಾರಿಗೆ ನೌಕರರನ್ನು ಸರ್ಕಾರಿ ನೌಕರರೆಂದು ಪರಿಗಣಿಸುವುದು. ಒಂಬತ್ತು ಸಿಕ್ಕಿತು ಅಂದುಕೊಂಡು ಎಲ್ಲರೂ ಗಾಡಿ ಹತ್ತಿದರು. ನಾಲ್ಕು ತಿಂಗಳಿಗೆ, 2021ರ ಏಪ್ರಿಲ್ 7ರಂದು, ಅದೇ ಒಂಬತ್ತರಲ್ಲಿದ್ದ ಆರನೇ ವೇತನ ಆಯೋಗದ ಮಾದರಿಯ ಸಂಬಳಕ್ಕಾಗಿ ಮತ್ತೆ ಬಸ್ ನಿಂತವು. ಸರ್ಕಾರ ಶೇ 8 ಮಧ್ಯಂತರ ಹೆಚ್ಚಳ ಕೊಡ್ತೀವಿ ಅಂದಿತು, ನೌಕರರು ಒಪ್ಪಲಿಲ್ಲ. ಎರಡು ವಾರ ನಡೆದು ಹೈಕೋರ್ಟ್ ಮಧ್ಯಪ್ರವೇಶದ ನಂತರ ಏಪ್ರಿಲ್ 21ಕ್ಕೆ ನಿಂತ ಆ ಮುಷ್ಕರದ ಬೆಲೆ ವಜಾ, ಅಮಾನತು, ದೂರದೂರಿಗೆ ವರ್ಗ, ಪೊಲೀಸ್ ಕೇಸು. ಡಿಸೆಂಬರ್‌ನಲ್ಲಿ ಸಿಕ್ಕದ್ದು ಭರವಸೆ, ಅದನ್ನು ಡಿಪೋಗಳಲ್ಲಿ ಗೆಲುವು ಅಂತ ಓದಲಾಯಿತು ಅನ್ನೋದು ನನ್ನ ಓದು.

2023ರ ಶೇ 15 ಭರವಸೆಗಿಂತ ಒಂದು ಮೆಟ್ಟಿಲು ಮೇಲೆ. ಅದು ಆದೇಶ, ಸಂಬಳದ ಚೀಟಿಯಲ್ಲಿ ಬಂತು. ಆದರೆ ಎರಡೂ ಕಡೆಯವರು ಕೂತು ಸಹಿ ಹಾಕಿದ ಒಪ್ಪಂದ ಅಲ್ಲ. ಇದರ ವ್ಯತ್ಯಾಸ ಏನು? ಕೈಗಾರಿಕಾ ವಿವಾದಗಳ ಕಾಯ್ದೆ 1947ರ ಪ್ರಕಾರ, ಕಾರ್ಮಿಕ ಇಲಾಖೆಯ ಸಂಧಾನಾಧಿಕಾರಿಯ ಮುಂದೆ ಸಂಧಾನ ನಡೆಯುತ್ತಿರುವಾಗ ಆದ ಒಪ್ಪಂದ ಆ ಸಂಘದ ಸದಸ್ಯರಿಗಷ್ಟೇ ಅಲ್ಲ, ಆ ಸಂಸ್ಥೆಯ ಎಲ್ಲ ಕಾರ್ಮಿಕರಿಗೂ, ಮುಂದೆ ಸೇರುವವರಿಗೂ ಅನ್ವಯ. ಸಂಧಾನದ ಹೊರಗೆ ಖಾಸಗಿಯಾಗಿ ಮಾಡಿಕೊಂಡದ್ದು ಸಹಿ ಹಾಕಿದ ಪಕ್ಷಗಳನ್ನಷ್ಟೇ ಕಟ್ಟಿಹಾಕುತ್ತದೆ. ಒಪ್ಪಂದವಾದರೆ ಜಾರಿ ದಿನಾಂಕ, ಅವಧಿ, ಹಿಂಬಾಕಿ ಎಲ್ಲವೂ ಅದರೊಳಗೇ ಬರೆದಿರುತ್ತದೆ, ಮುರಿದರೆ ಕೇಳುವ ದಾರಿ ಇರುತ್ತದೆ. ಆದೇಶದಲ್ಲಿ ಕೊಟ್ಟವರು ಬರೆದದ್ದೇ ದಿನಾಂಕ. 38 ತಿಂಗಳ ಜಗಳ ಹುಟ್ಟಿದ್ದು ಈ ಸಂದಿಯಲ್ಲಿ.

ಆದ್ದರಿಂದ ಶಾಖೆಯ ಯಾವುದೇ ಸುದ್ದಿಚೀಟಿಯಲ್ಲಿ ಪ್ರತಿ ವಿಷಯದ ಮುಂದೆ ಒಂದು ಪದ ಇದ್ದರೆ ಸಾಕು: ಬೇಡಿಕೆಯೋ, ಭರವಸೆಯೋ, ಆದೇಶವೋ, ಒಪ್ಪಂದವೋ. ಪಕ್ಕದಲ್ಲಿ ದಿನಾಂಕ. ಸಭೆಯಲ್ಲಿ ಯಾರಿದ್ದರು, ನಡಾವಳಿ ಬರವಣಿಗೆಯಲ್ಲಿ ಬಂದಿದೆಯಾ ಅಂತ ಒಂದು ಸಾಲು. ಇದೇನು ಹೊಸ ವಿದ್ಯೆ ಅಲ್ಲ. ಗದಗ ತಾಲ್ಲೂಕಿನ ಕಣಗಿನಹಾಳದಲ್ಲಿ 1905ರಲ್ಲಿ ಶುರುವಾದ, ದೇಶದ ಮೊದಲನೆಯದೆಂದು ಹೆಸರಾದ ಸಹಕಾರ ಸಂಘದ ಸೀಮೆ ಇದು. ಜಮಾ-ಖರ್ಚನ್ನು ಸದಸ್ಯರ ಮುಂದೆ ಓದಿ ಹೇಳುವ ರೂಢಿ ಇಲ್ಲಿಯ ಹಳ್ಳಿಗಳಿಗೆ ನೂರು ವರ್ಷದಿಂದ ಗೊತ್ತು. ಮಾತುಕತೆಯ ಜಮಾ-ಖರ್ಚನ್ನೂ ಹಾಗೇ ಓದಬಹುದು.

ಒಂದು ಬೆಳಗಿನ ಪೇಚು

2025ರ ಆಗಸ್ಟ್ 5 ಮಂಗಳವಾರ. ಅದರ ಹಿಂದಿನ ದಿನ ಎರಡು ಘಟನೆಗಳಾದವು. ಮುಖ್ಯಮಂತ್ರಿ ಸಿದ್ದರಾಮಯ್ಯ ಅವರೊಂದಿಗಿನ ಜಂಟಿ ಕ್ರಿಯಾ ಸಮಿತಿಯ ಮಾತುಕತೆ 14 ತಿಂಗಳ ಮೇಲೆ ಮುರಿದುಬಿತ್ತು. ಇತ್ತ ಹೈಕೋರ್ಟ್ ಮುಷ್ಕರವನ್ನು ಒಂದು ದಿನದ ಮಟ್ಟಿಗೆ ತಡೆಹಿಡಿಯುವಂತೆ ಹೇಳಿತು. ಎಸ್ಮಾ ಅಡಿಯಲ್ಲಿ ಮುಷ್ಕರ ನಿಷೇಧ ಮೊದಲೇ ಜಾರಿಯಲ್ಲಿತ್ತು. ಆದರೂ ಬೆಳಿಗ್ಗೆ ಮುಷ್ಕರ ಶುರುವಾಯಿತು, ನ್ಯಾಯಾಲಯ ಗರಂ ಆಯಿತು, ಅದೇ ದಿನ ಮುಷ್ಕರ ಹಿಂಪಡೆಯಲಾಯಿತು.

ಈಗ ಮುಂಡರಗಿ ಕಡೆಯ ಯಾವುದೋ ಹಳ್ಳಿಯಲ್ಲಿ ವಸ್ತಿ ಬಸ್ಸಿನೊಂದಿಗೆ ಮಲಗಿದ ಚಾಲಕ-ನಿರ್ವಾಹಕರ ಸ್ಥಿತಿ ಊಹಿಸಿ. ಸಂಜೆ ಹೊರಟಾಗ ಮುಷ್ಕರ ಖಚಿತ. ರಾತ್ರಿ ಟಿವಿಯಲ್ಲಿ ಕೋರ್ಟ್ ತಡೆ. ಬೆಳಿಗ್ಗೆ ಐದೂವರೆಗೆ ಗಾಡಿ ತೆಗೀಬೇಕೋ ಬೇಡವೋ? ಗೇಟ್ ಮೀಟಿಂಗ್ ಅನ್ನೋದು ಡಿಪೋದಲ್ಲಿ ಇದ್ದವರಿಗೆ. ವಸ್ತಿಯವರಿಗೆ, ದೂರ ಮಾರ್ಗದವರಿಗೆ, ವಾರದ ರಜೆಯವರಿಗೆ ಅದು ತಲುಪೋದೇ ಇಲ್ಲ. ಅವರ ಕೈಯಲ್ಲಿರೋದು ವಾಟ್ಸ್‌ಆ್ಯಪ್. ಅದರಲ್ಲಿ ನಾಲ್ಕು ಸಂಘಗಳ ನಾಲ್ಕು ಸಂದೇಶ, ಒಂದರಲ್ಲಿ ‘ಮುಷ್ಕರ ಇದೆ’, ಇನ್ನೊಂದರಲ್ಲಿ ‘ನಮ್ಮ ಬೆಂಬಲ ಇಲ್ಲ’, ಮೂರನೆಯದು ಹಳೆಯ ಮುಷ್ಕರದ ಫಾರ್ವರ್ಡ್.

ತಪ್ಪು ನಿರ್ಧಾರದ ದಂಡ ಅವರದ್ದೇ. ಕೆಲಸ ಮಾಡದ ದಿನದ ಸಂಬಳ ಹೋಗೋದು ಎಲ್ಲರಿಗೂ ಗೊತ್ತು. ಗೊತ್ತಿಲ್ಲದ್ದು ಇನ್ನೊಂದಿದೆ. ಹತ್ತು ಅಥವಾ ಹೆಚ್ಚು ಜನ ಒಟ್ಟಾಗಿ, ಸರಿಯಾದ ನೋಟಿಸ್ ಹಾಗೂ ಸಕಾರಣ ಇಲ್ಲದೆ ಗೈರಾದರೆ, ಉದ್ಯೋಗದ ಷರತ್ತಿನಲ್ಲಿ ಬರೆದಿದ್ದರೆ ಎಂಟು ದಿನದವರೆಗಿನ ಸಂಬಳ ಕಡಿತ ಮಾಡಲು ವೇತನ ಪಾವತಿ ಕಾಯ್ದೆ ಅವಕಾಶ ಕೊಟ್ಟಿತ್ತು, ಹೊಸ ವೇತನ ಸಂಹಿತೆಯಲ್ಲೂ ಅದು ಮುಂದುವರಿದಿದೆ. ಮುಷ್ಕರಕ್ಕೆ ಕರೆ ಕೊಡುವ ಶಾಖೆ ಈ ಮಾತನ್ನೂ ಮೊದಲೇ ಹೇಳಬೇಕು. ಹೆದರಿಸೋಕಲ್ಲ. ಗೊತ್ತಿದ್ದು ನಿಲ್ಲುವವನು ಗೊತ್ತಿಲ್ಲದೆ ನಿಂತವನಿಗಿಂತ ಗಟ್ಟಿಯಾಗಿ ನಿಲ್ಲುತ್ತಾನೆ.

ನಿಯಮವೇ ಬದಲಾಗಿದೆ

ಅದಾದ ಮೂರೂವರೆ ತಿಂಗಳಿಗೆ, 2025ರ ನವೆಂಬರ್ 21ರಂದು, ಕೇಂದ್ರ ಸರ್ಕಾರ ನಾಲ್ಕು ಕಾರ್ಮಿಕ ಸಂಹಿತೆಗಳನ್ನು ಜಾರಿಗೆ ತಂದಿತು. 1947ರ ಕಾಯ್ದೆಯ ಜಾಗಕ್ಕೆ ಕೈಗಾರಿಕಾ ಸಂಬಂಧಗಳ ಸಂಹಿತೆ 2020 ಬಂದಿದೆ. ಸಾರಿಗೆಯವರಿಗೆ ಮೊದಲಿನಿಂದಲೂ ಸಾರ್ವಜನಿಕ ಉಪಯುಕ್ತ ಸೇವೆ ಎಂಬ ಕಾರಣಕ್ಕೆ ಮುಷ್ಕರಕ್ಕೆ 14 ದಿನದ ನೋಟಿಸ್ ಕಡ್ಡಾಯವಿತ್ತು. ಈಗ ಎಲ್ಲ ಕೈಗಾರಿಕೆಗಳಿಗೂ ಅದೇ. ಸಂಧಾನ ನಡೆಯುತ್ತಿರುವಾಗ, ಮುಗಿದ ಏಳು ದಿನ ಮುಷ್ಕರ ಮಾಡುವಂತಿಲ್ಲ ಅನ್ನೋದು ಹಳೆಯದೇ. ಹೊಸದು ಎರಡು. ಶೇ 50 ಅಥವಾ ಹೆಚ್ಚು ನೌಕರರು ಒಂದೇ ದಿನ ಒಗ್ಗಟ್ಟಾಗಿ ಸಾಂದರ್ಭಿಕ ರಜೆ ಹಾಕಿದರೆ ಅದನ್ನೂ ಮುಷ್ಕರ ಅಂತಲೇ ಪರಿಗಣಿಸಲಾಗುತ್ತದೆ, ಅಂದರೆ ‘ಎಲ್ಲಾರೂ ಸಿಎಲ್ ಹಾಕೋಣ’ ಎಂಬ ಹಳೆಯ ಜಾಣ್ಮೆಗೆ ಬಾಗಿಲು ಮುಚ್ಚಿತು. ಎರಡನೆಯದು ದಂಡ. ಅಕ್ರಮ ಮುಷ್ಕರಕ್ಕೆ ಹಳೆಯ ಕಾಯ್ದೆಯಲ್ಲಿ ನೌಕರನಿಗೆ ಇದ್ದ ದಂಡ ಗರಿಷ್ಠ 50 ರೂಪಾಯಿ. ಈಗ ಕನಿಷ್ಠ 1,000, ಗರಿಷ್ಠ 10,000. ಒಂದು ತಿಂಗಳವರೆಗಿನ ಜೈಲು ಅವತ್ತೂ ಇತ್ತು, ಇವತ್ತೂ ಇದೆ.

ಇದಕ್ಕಿಂತ ದೊಡ್ಡ ಬದಲಾವಣೆ ಯಾರು ಮಾತಾಡಬೇಕು ಅನ್ನೋದರಲ್ಲಿದೆ. ಸಂಹಿತೆಯ ಪ್ರಕಾರ ಒಂದು ಸಂಸ್ಥೆಯ ಹಾಜರಿ ಪಟ್ಟಿಯಲ್ಲಿರುವ ನೌಕರರಲ್ಲಿ ಶೇ 51 ಅಥವಾ ಹೆಚ್ಚು ಸದಸ್ಯರಿರುವ ಸಂಘವೇ ಏಕೈಕ ಮಾತುಕತೆಯ ಸಂಘ. ಯಾರಿಗೂ ಅಷ್ಟಿಲ್ಲದಿದ್ದರೆ ಶೇ 20ಕ್ಕಿಂತ ಕಡಿಮೆ ಇಲ್ಲದ ಸಂಘಗಳ ಪ್ರತಿನಿಧಿಗಳು ಸೇರಿ ಮಾತುಕತೆಯ ಮಂಡಳಿ. ಸಾರಿಗೆ ನಿಗಮಗಳಲ್ಲಿ ಎಐಟಿಯುಸಿ, ಸಿಐಟಿಯು ಜೊತೆ ಗುರುತಿಸಿಕೊಂಡ ಸಂಘಗಳಿವೆ, ನೌಕರರ ಕೂಟವಿದೆ, ಇನ್ನೂ ಇವೆ. ಯಾರ ಬಲ ಎಷ್ಟು ಅಂತ ತಿಳಿಯಲು ಕಾರ್ಮಿಕ ಸಂಘದ ಚುನಾವಣೆ ನಡೆಸಿ ಎಂಬುದು ಕೂಟದ ಹಳೆಯ ಬೇಡಿಕೆ. ಈ ಶೇಕಡಾವಾರು ನಿಯಮ ಬಂದ ಮೇಲೆ ಲಕ್ಷ್ಮೇಶ್ವರ ಡಿಪೋದ ಸದಸ್ಯತ್ವ ರಶೀದಿ ಪುಸ್ತಕಕ್ಕೆ ಬೆಂಗಳೂರಿನ ಮೇಜಿನಲ್ಲಿ ಬೆಲೆ ಬಂದಿದೆ. ಎರಡೆರಡು ಸಂಘಕ್ಕೆ ಚಂದಾ ಕೊಟ್ಟು ಎಲ್ಲರನ್ನೂ ಸಮಾಧಾನ ಮಾಡುವ ಪದ್ಧತಿ ಇನ್ನು ನಡೆಯೋದು ಕಷ್ಟ.

ಸಂಬಳದ ದೊಡ್ಡ ಜಗಳದ ನೆರಳಲ್ಲಿ ಶಾಖೆಯ ದಿನನಿತ್ಯದ ಕೆಲಸ ಕಾಣೋದಿಲ್ಲ, ಅದನ್ನೂ ಹೇಳಬೇಕು. 2023ರ ಜೂನ್ 11ರಂದು ಶಕ್ತಿ ಯೋಜನೆ ಶುರುವಾದ ಮೇಲೆ ಬಸ್ ತುಂಬಿವೆ. ಪ್ರತಿ ಮಹಿಳೆಗೂ ಶೂನ್ಯ ಟಿಕೆಟ್ ಕೊಡಬೇಕು. ಗದಗ-ಬೆಟಗೇರಿ ಸಂತೆ ದಿನ ಕಾಲಿಡಲು ಜಾಗವಿಲ್ಲದ ಗಾಡಿಯಲ್ಲಿ ಒಂದು ಟಿಕೆಟ್ ತಪ್ಪಿದರೂ ತನಿಖಾ ತಂಡ ಹತ್ತಿದಾಗ ನಿರ್ವಾಹಕನ ಮೇಲೆ ಕೇಸು. ನಿಲ್ದಾಣಗಳಲ್ಲಿ ಹೆಚ್ಚು ಹೊತ್ತು ನಿಲ್ಲಬೇಕು, ಆದರೆ ಓಡುವ ಅವಧಿ ಹಳೆಯದೇ ಇದ್ದರೆ ಊಟದ ಹೊತ್ತು ಹೋಗುತ್ತೆ. ಇಂಥ ತಕರಾರಿಗೆ ಬೆಂಗಳೂರಿಗೆ ಹೋಗಬೇಕಿಲ್ಲ, ಘಟಕ ವ್ಯವಸ್ಥಾಪಕರ ಟೇಬಲ್ಲಿಗೆ, ಹೆಚ್ಚೆಂದರೆ ಗದಗದ ವಿಭಾಗೀಯ ಕಚೇರಿಗೆ ಹೋದರೆ ಸಾಕು. ಯಾವ ಮಾರ್ಗ, ಎಷ್ಟು ನಿಮಿಷ ಕಡಿಮೆ ಬೀಳ್ತಿದೆ ಅಂತ ಒಂದು ತಿಂಗಳ ದಾಖಲೆ ಹಿಡಿದು ಹೋದ ಶಾಖೆಗೆ ಉತ್ತರ ಸಿಗುವ ಸಾಧ್ಯತೆ ಘೋಷಣೆ ಕೂಗಿದ ಶಾಖೆಗಿಂತ ಹೆಚ್ಚು.

ಆರೋಪಪತ್ರ ಬಂದ ನೌಕರನ ವಿಷಯ ಇನ್ನೂ ಸೂಕ್ಷ್ಮ. ವಜಾ ಆದವನು ತನ್ನ ವಿವಾದವನ್ನು ತಾನೇ ಎತ್ತಬಹುದು, ಸಂಘವೇ ಬೇಕೆಂದಿಲ್ಲ. ಆದರೆ ಹಳೆಯ ಕಾಯ್ದೆಯಲ್ಲಿ ಅದಕ್ಕೆ ಮೂರು ವರ್ಷ ಸಮಯ ಇತ್ತು, ಹೊಸ ಸಂಹಿತೆಯಲ್ಲಿ ಎರಡೇ ವರ್ಷ. ‘ಮ್ಯಾಲಿನವರು ಮಾತಾಡ್ಲಿಕತ್ತಾರ, ಸ್ವಲ್ಪ ತಡಿ’ ಅಂತ ಹೇಳಿ ಕೂರಿಸಿದರೆ ಆ ಎರಡು ವರ್ಷ ಮಾತುಕತೆಯಲ್ಲೇ ಕಳೆದುಹೋಗುತ್ತೆ. ಮಾತುಕತೆ ಅದರ ಪಾಡಿಗೆ ನಡೆಯಲಿ. ಅರ್ಜಿಯ ಕಡೆಯ ದಿನಾಂಕ ಯಾವುದು ಅಂತ ಶಾಖೆ ಆ ನೌಕರನಿಗೆ ಬರವಣಿಗೆಯಲ್ಲಿ ಕೊಡಬೇಕು, ಅವನ ಮನೆಯವರಿಗೂ ಗೊತ್ತಿರಬೇಕು.